ಯಹೂದಿ ಮಕ್ಕಳ ತಂಡಕ್ಕೆ ಕಾರವಾರ ಪೇಟೆಯಲ್ಲಿ ವಸತಿ: ಶನಿವಾರ ಕಳೆಯಲು ಹೊಂದುವ ಜಾಗ ಯಾವುದು?

ಕಾಳಿದಂಡೆ (ಕಾರವಾರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕೋಡಿಬಾಗದವಳು. ತಮ್ಮ ಟೆಂಪೋ ಟ್ರಾವೆಲರ್ ಓಡಿಸುತ್ತಾನೆ. ರೂಮು, ಊಟ, ದೋಣಿ, ಟಿಕೆಟ್ಟು ಎಲ್ಲ ನನ್ನ ಪಾಲಿನ ಕೆಲಸ. ಶಾಲೆ ಮಕ್ಕಳ ಟ್ರಿಪ್, ನಿವೃತ್ತರ ಸಂಘದ ಟ್ರಿಪ್ ಮಾಡಿಸಿ ಅಭ್ಯಾಸ ಇದೆ. ಈ ಸಲ ಬರುತ್ತಿರುವ ತಂಡ ಮಾತ್ರ ನನಗೆ ಹೊಸದು. ನಮ್ಮೂರಿಗೆ ನಂಬಿ ಬರುವ ಮಕ್ಕಳು, ಅವರಿಗೆ ಯಾವುದರಲ್ಲೂ ಕಡಿಮೆ ಆಗಬಾರದು ಅಂತ ಆಸೆ. ಅದಕ್ಕೇ ಕೇಳುತ್ತಿದ್ದೇನೆ.

ಮುಂಬೈಯ ಯಹೂದಿ ಮಕ್ಕಳು. 13ರಿಂದ 18 ವರ್ಷದವರು, ಹೆಚ್ಚುಕಡಿಮೆ 30 ಜನ. ಜೊತೆಗೆ ನಾಲ್ವರು ದೊಡ್ಡವರು, ಅದರಲ್ಲಿ ಇಬ್ಬರದು ಇಸ್ರೇಲ್ ಪಾಸ್‌ಪೋರ್ಟ್. ಡಿಸೆಂಬರ್ ಕೊನೆಯ ಭಾಗದಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ರೈಲಿಳಿದು ಸೋಮವಾರ ಹೊರಡುತ್ತಾರೆ. ಸರಿಯಾದ ತಾರೀಖು, ಸಂಸ್ಥೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಅವರೇ ಬೇಡ ಅಂದಿದ್ದಾರೆ.

ತಂಡದ ಮುಖ್ಯಸ್ಥೆ ಫೋನಿನಲ್ಲಿ ಚೆಂದದ ಮರಾಠಿ ಮಾತಾಡಿದರು. ನಮಗೆ ಕಾರವಾರದವರಿಗೆ ಅದು ಕಷ್ಟವಲ್ಲ ಅಲ್ವಾ, ಅರ್ಧ ಗಂಟೆ ಮಾತಾಡಿದೆವು. ಅವರು ಕೇಳಿದ್ದು ಹೀಗಿದೆ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ ಅವರ ಶಬ್ಬಾತ್, ಅಂದರೆ ಕೆಲಸವೆಲ್ಲ ನಿಲ್ಲಿಸುವ ಪವಿತ್ರ ದಿನ. ಆಗ ಯಾರೂ ವಾಹನ ಹತ್ತುವುದಿಲ್ಲ, ಹಾಗಾಗಿ ಜಾಗ ಪೇಟೆಯೊಳಗೇ ಇರಬೇಕು. ಬಾಗಿಲಿಗೆ ಕಾರ್ಡ್ ಬೇಡ, ಮಾಮೂಲಿ ಕೀಲಿಕೈ ಬೇಕು. ಲಿಫ್ಟ್ ಹತ್ತುವಂತಿಲ್ಲ, ಆದ್ದರಿಂದ ಕೆಳಗಿನ ಮಹಡಿಗಳು ಬೇಕು. ಅಡುಗೆಮನೆ ಪೂರ್ತಿ ಅವರ ಕೈಗೆ ಕೊಡಬೇಕು. ಪ್ರಾರ್ಥನೆಗೆ ಒಂದು ಹಾಲ್. ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಮಹಡಿ.

ಪೇಟೆಯಲ್ಲಿ ಸುತ್ತಿ ನೋಡಿದೆ. ಒಂದು ಕಡೆ ರೂಮು ಎಲ್ಲಕ್ಕಿಂತ ಚೆನ್ನಾಗಿತ್ತು, ಆದರೆ ಬಾಗಿಲಿಗೆಲ್ಲ ಕಾರ್ಡು. ಇನ್ನೊಂದು ಕಡೆ ಕೆಳಗೇ ಬಾರ್. ಮತ್ತೊಂದು ಕಡೆ ಮ್ಯಾನೇಜರ್ ಒಳ್ಳೆಯವರು, "ನಮ್ಮದು ಪ್ಯೂರ್ ವೆಜ್, ಅವರಿಗೆ ಏನೂ ತೊಂದರೆ ಆಗಲ್ಲ" ಅಂದರು. ಅಡುಗೆಮನೆ ಬಿಟ್ಟುಕೊಡುತ್ತೀರಾ ಅಂದಾಗ ಮಾತ್ರ ಸುಮ್ಮನಾದರು. ದೇವಬಾಗದ ಕಡೆ ಚೆಂದದ ಜಾಗಗಳಿವೆ, ಆದರೆ ಅದು ಹೊಳೆಯ ಆಚೆ. ಶನಿವಾರ ಯಾರಿಗಾದರೂ ಜ್ವರ ಬಂದರೆ ಆಸ್ಪತ್ರೆ ದೂರ.

ಸಸ್ಯಾಹಾರಿ ಹೋಟೆಲಿನ ಊಟ ಯಾಕೆ ಸಾಲದು? ಪೇಟೆ ಬಿಟ್ಟು ಗೋಕರ್ಣವೋ ಶಿರಸಿಯೋ ಅಂತ ಹೇಳಲೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ಕ್ರಿಸ್‌ಮಸ್ ಸಮಯ, ರೂಮುಗಳು ದಿನದಿನಕ್ಕೂ ತುಂಬುತ್ತಿವೆ.

ಕುಡ್ಲೆಕಡಲು (ಗೋಕರ್ಣ):

ಅಕ್ಕಾ, ನಮ್ಮ ಕಡೆ ಇಸ್ರೇಲಿನವರು ವರ್ಷವೂ ಬರುತ್ತಾರೆ. ಸೇನೆಯ ಕೆಲಸ ಮುಗಿಸಿ ತಿರುಗಾಟಕ್ಕೆ ಹೊರಟ ವಯಸ್ಸಿನವರೇ ಜಾಸ್ತಿ. ಹೀಬ್ರೂ ಬೋರ್ಡು ಕಂಡು ಎಷ್ಟೋ ಜನ "ಗೋಕರ್ಣಕ್ಕೆ ಕಳಿಸಿ, ಅವರಿಗೆ ಒಗ್ಗುತ್ತದೆ" ಅಂದುಬಿಡುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಕುಡ್ಲೆ, ಓಂ ಬೀಚಿನಲ್ಲಿ ಉಳಿಯುವವರು ಬಹುಪಾಲು ಆ ನೇಮ ಪಾಲಿಸುವವರಲ್ಲ. ನಮ್ಮಲ್ಲಿ ಸಿಗುವ ಶಕ್‌ಶುಕಾ ಅವರ ನಾಡಿನ ತಿಂಡಿ ಹೌದು, ಆದರೆ ಅದನ್ನು ಮಾಡುವ ಬಾಣಲೆಯಲ್ಲೇ ಬೆಳಿಗ್ಗೆ, ನೇಮದವರು ಮುಟ್ಟದ ಸಿಗಡಿಯನ್ನೂ ಹುರಿದಿರುತ್ತಾರೆ.

ಡಿಸೆಂಬರ್ ಕೊನೆಗೆ ಇಲ್ಲಿ ರಾತ್ರಿಯೆಲ್ಲ ಗದ್ದಲ. 13 ವರ್ಷದ ಮಕ್ಕಳನ್ನು ಕರೆದುಕೊಂಡು ಬರುವ ಕಾಲವಲ್ಲ. ಭಾನುವಾರ ಹಗಲು ಬಂದು ಹೋಗಲಿ. ಓಂ ಬೀಚಿನಲ್ಲಿ ಬಂಡೆ ಮೇಲೆ ಹತ್ತಿ ಫೋಟೋ ತೆಗೆಯುವುದಕ್ಕೆ ಬಿಡಬೇಡಿ, ಅಲೆ ಎಳೆದುಕೊಂಡು ಹೋಗುತ್ತದೆ.

ಘಟ್ಟದಮೇಲೆ (ಶಿರಸಿ):

ನಮ್ಮದು ಶಿರಸಿ ಹತ್ತಿರ ತೋಟದ ಮನೆ, ಹೋಂಸ್ಟೇ ಇದೆ. ವ್ಯವಹಾರ ತಪ್ಪಿದರೂ ಪರವಾಗಿಲ್ಲ, ಖರೆ ಹೇಳುತ್ತೇನೆ ತಂಗೀ. ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ. ಆದರೆ ನಮ್ಮ ಒಳಗಿನ ಅಡುಗೆಮನೆಯನ್ನು ನಾನು ಬೇರೆಯವರ ಕೈಗೆ ಕೊಡುವುದಿಲ್ಲ. ಅತ್ತೆಯವರು ಇನ್ನೂ ಮಡಿಯಲ್ಲಿ ಅಡುಗೆ ಮಾಡುತ್ತಾರೆ. ಅವರಿಗೆ ಅವರ ನೇಮ, ನಮಗೆ ನಮ್ಮದು. ಎರಡೂ ಒಂದೇ ಒಲೆಯ ಮೇಲೆ ನಡೆಯುವುದಿಲ್ಲ.

ಇನ್ನೊಂದು ವಿಷಯ. ಘಟ್ಟದ ದಾರಿಯಲ್ಲಿ ಶುಕ್ರವಾರ ಒಂದು ಟೈರು ಪಂಕ್ಚರ್ ಆದರೂ ಸಂಜೆಯೊಳಗೆ ಮುಟ್ಟುತ್ತೀರಿ ಅನ್ನುವ ಖಾತ್ರಿ ಇಲ್ಲ. ಸೂರ್ಯ ಮುಳುಗಿದ ಮೇಲೆ ಅವರು ಗಾಡಿ ಹತ್ತುವುದಿಲ್ಲ ಅಂದರೆ ಮಕ್ಕಳನ್ನು ದೇವಿಮನೆ ಘಟ್ಟದಲ್ಲಿ ಇಳಿಸುವುದಕ್ಕೆ ಆಗುತ್ತದಾ? ಅಡಿಕೆ ಹಾಳೆಯ ತಟ್ಟೆ, ದೊನ್ನೆ ಬೇಕಾದರೆ ಹೇಳಿ. ಅದು ನಮ್ಮಲ್ಲೇ ಮಾಡುತ್ತಾರೆ, ಎಷ್ಟು ಬೇಕೋ ಬಸ್ಸಿಗೆ ಹಾಕಿ ಕಳಿಸುತ್ತೇನೆ. ಅವರ ಅಡುಗೆ ನೇಮದ ಬಗ್ಗೆ ನನಗೂ ಕೇಳುವ ಆಸೆ ಇದೆ.

ಅಂಕೋಲಾದವ (ಅಂಕೋಲಾ):

ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಾನು ಹರೆಯದಲ್ಲಿ ಮುಂಬೈಯ ಮಸ್ಜಿದ್ ಬಂದರ್ ಕಡೆ ಲಾಡ್ಜ್ ಒಂದರಲ್ಲಿ ಮ್ಯಾನೇಜರ್ ಆಗಿದ್ದವನು. ಅಲ್ಲಿ ಶಾರ್ ಹಾರಹಮೀಮ್ ಅಂತ ಒಂದು ಸಿನಗಾಗ್ ಇದೆ, ಯಹೂದಿಗಳ ಪ್ರಾರ್ಥನಾ ಮಂದಿರ. 1796ರದು. ಅದನ್ನು ಕಟ್ಟಿಸಿದವರು ಸಾಮಾಜಿ ಹಸಾಜಿ ದಿವೇಕರ್. ಕಂಪನಿ ಸೈನ್ಯದಲ್ಲಿದ್ದು ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆ ಸಿಕ್ಕಿ, ಬಿಡುಗಡೆಯಾಗಿ ಬಂದ ಮೇಲೆ ಕಟ್ಟಿಸಿದರು ಅಂತ ಆ ಸಮುದಾಯದವರು ಹೇಳುತ್ತಾರೆ. ನಿಮ್ಮ ತಂಡದ ಮಕ್ಕಳಿಗೂ ಈ ಕಥೆ ಗೊತ್ತಿರುತ್ತದೆ, ನಮ್ಮ ನಾಡಿನ ನಂಟು ಅವರಿಗೆ ಹೊಸದಲ್ಲ. ಮರಾಠಿ ಮಾತಾಡುತ್ತಾರೆ ಅಂದರೆ ಅವರು ಬೆನೆ ಇಸ್ರೇಲಿಗಳೇ ಇರಬೇಕು. ಅಲಿಬಾಗ್, ಪೆಣ್, ಪನ್ವೇಲ್ ಕಡೆಯ ಹಳೆಯ ಕೊಂಕಣದ ಜನ. ಹಿಂದೆ ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲ ಅಂತ ಸುತ್ತಲಿನವರು ಅವರನ್ನು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು ಅಂತಲೇ ಕರೆಯುತ್ತಿದ್ದರು.

ಆ ಊರುಗಳಿಂದ ಮದುವೆಗೆ ಬಂದವರು ನಮ್ಮ ಲಾಡ್ಜ್‌ನಲ್ಲಿ ಉಳಿಯುತ್ತಿದ್ದರು. ಸಿನಗಾಗಿಗೆ ನಡೆದು ಹೋಗಬಹುದು ಅನ್ನುವ ಒಂದೇ ಕಾರಣಕ್ಕೆ. ಅವರಿಂದ ಕಲಿತದ್ದನ್ನೇ ಹೇಳುತ್ತೇನೆ.

ತಂಗೀ, ನೀವು ರೂಮು ನೋಡಿಕೊಂಡು ಬಂದಿದ್ದೀರಿ. ಶನಿವಾರವನ್ನು ನೋಡಿಕೊಂಡು ಬನ್ನಿ. ಆ ಒಂದು ದಿನ ಹೊಂದಿದರೆ ಉಳಿದ ಎರಡು ದಿನ ಎಲ್ಲಿದ್ದರೂ ನಡೆಯುತ್ತದೆ. ಜಾಗಕ್ಕೆ ಹೋಗಿ ನಿಂತು, ಶುಕ್ರವಾರ ಸಂಜೆ ಆರು ಗಂಟೆಯಿಂದ ಶನಿವಾರ ರಾತ್ರಿ ಏಳರವರೆಗೆ ಇಲ್ಲಿ ಯಾರೂ ಸ್ವಿಚ್ ಮುಟ್ಟುವುದಿಲ್ಲ, ಬೆಂಕಿ ಹಚ್ಚುವುದಿಲ್ಲ, ದುಡ್ಡು ಕೊಡುವುದಿಲ್ಲ, ಸಹಿ ಹಾಕುವುದಿಲ್ಲ, ಫೋನ್ ಎತ್ತುವುದಿಲ್ಲ ಅಂತ ಮನಸ್ಸಿನಲ್ಲೇ ನಡೆಸಿ ನೋಡಿ. ಎಲ್ಲಿ ತಡೆಯುತ್ತದೆ ಅಂತ ತಾನಾಗಿ ಗೊತ್ತಾಗುತ್ತದೆ.

ಸಮಯದ ಲೆಕ್ಕ ಮೊದಲು. ಡಿಸೆಂಬರ್ ಕೊನೆಗೆ ನಮ್ಮ ಕರಾವಳಿಯಲ್ಲಿ ಸೂರ್ಯ ಮುಳುಗುವುದು ಆರು ಹತ್ತರ ಆಸುಪಾಸು. ಅದಕ್ಕೆ 18 ನಿಮಿಷ ಮುಂಚೆ ಮೇಣದಬತ್ತಿ ಹಚ್ಚುತ್ತಾರೆ, ಅಲ್ಲಿಗೆ ಶಬ್ಬಾತ್ ಶುರು. ಮುಗಿಯುವುದು ಮರುದಿನ ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ. ಶುಕ್ರವಾರ ಮಧ್ಯಾಹ್ನ ರೈಲಿಳಿಯುತ್ತಾರೆ ಅಂದಿರಿ. ನನಗೆ ಅದೇ ಎಲ್ಲಕ್ಕಿಂತ ದೊಡ್ಡ ಚಿಂತೆ. ಕೊಂಕಣ ರೈಲು ನಾಲ್ಕು ಗಂಟೆ ತಡವಾದರೆ? ಶಿರವಾಡ ಸ್ಟೇಷನ್ನಿನಿಂದ ಪೇಟೆಗೆ ಬಂದು, ಸ್ನಾನ ಮಾಡಿ, 34 ಜನರಿಗೆ ಎರಡು ದಿನದ ಅಡುಗೆ ಮಾಡಲು ಸಮಯ ಎಲ್ಲಿದೆ? ಗುರುವಾರವೇ ಬಂದುಬಿಡಿ ಅಂತ ಹೇಳಿ. ಒಂದು ರಾತ್ರಿಯ ಬಾಡಿಗೆ ಜಾಸ್ತಿ ಆಗುತ್ತದೆ, ಆಗಲಿ.

ಇನ್ನು ಪ್ಯೂರ್ ವೆಜ್ ಯಾಕೆ ಸಾಲದು ಅನ್ನುವುದು. ಅವರ ಊಟದ ನೇಮಕ್ಕೆ ಕೋಷರ್ ಅನ್ನುತ್ತಾರೆ. ಏನು ತಿನ್ನುತ್ತೇವೆ ಅನ್ನುವಷ್ಟೇ, ಯಾವ ಪಾತ್ರೆಯಲ್ಲಿ ಬೇಯಿಸಿದ್ದು, ಯಾರು ಒಲೆ ಹಚ್ಚಿದ್ದು ಅನ್ನುವುದೂ ಅಲ್ಲಿ ಮುಖ್ಯ. ಮಾಂಸ, ಹಾಲು ಸೇರುವಂತಿಲ್ಲ, ಎರಡಕ್ಕೂ ಪಾತ್ರೆಯೇ ಬೇರೆ. ಸೊಪ್ಪು, ಹೂಕೋಸಿನಲ್ಲಿ ಒಂದು ಹುಳ ಇದ್ದರೂ ಆಗುವುದಿಲ್ಲ, ಎಲೆ ಎಲೆ ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತಾರೆ. ಮೊಟ್ಟೆಯನ್ನು ಒಂದೊಂದಾಗಿ ಲೋಟದಲ್ಲಿ ಒಡೆದು, ರಕ್ತದ ಚುಕ್ಕೆ ಇದ್ದರೆ ಬಿಸಾಡುತ್ತಾರೆ. ಇದನ್ನೆಲ್ಲ ಹೋಟೆಲಿನ ಅಡುಗೆಯವರಿಂದ ಮಾಡಿಸಲು ಆಗುವುದಿಲ್ಲ. ಹಾಗಾಗಿ ಊಟ ಕೊಳ್ಳಬೇಡಿ, ಅಡುಗೆಮನೆ ಬಾಡಿಗೆಗೆ ತೆಗೆದುಕೊಳ್ಳಿ.

ಮಾಂಸದ ಗೋಜು ಇರುವುದಿಲ್ಲ. ಅವರ ವಿಧಿಯಂತೆ ಕೊಯ್ಯುವವರು ಇಲ್ಲಿ ಸಿಗುವುದಿಲ್ಲ. ಮೀನು ತಿನ್ನುತ್ತಾರೆ. ರೆಕ್ಕೆ, ಹುರುಪೆ ಎರಡೂ ಇರುವ ಮೀನು ಮಾತ್ರ. ಬಂಗಡೆ, ಸುರಮೈ ಆಗುತ್ತದೆ. ಸಿಗಡಿ, ಏಡಿ, ಬಳಚು ಯಾವುದೂ ಬೇಡ. ಮಾರ್ಕೆಟ್ಟಿನಲ್ಲಿ ಇಡೀ ಮೀನು ತೆಗೆದುಕೊಳ್ಳಿ, ಮೀನು ಮಾರುವ ಅಮ್ಮಂದಿರ ಹತ್ತಿರ ಕತ್ತರಿಸಲು ಕೊಡಬೇಡಿ. ಆ ಕತ್ತಿಯಲ್ಲಿ ಎಲ್ಲವನ್ನೂ ಕೊಯ್ದಿರುತ್ತಾರೆ. ಹುರುಪೆಯನ್ನು ಅವರು ಕಣ್ಣಾರೆ ನೋಡಬೇಕು.

ಘಟ್ಟದಮೇಲೆ ಅಕ್ಕನವರೇ, ನಿಮ್ಮ ಹಾಳೆ ತಟ್ಟೆ ದೊಡ್ಡ ಉಪಕಾರ. ಯಾರೂ ಉಣ್ಣದ ತಟ್ಟೆ, ಆ ಮೇಲೆ ಎಸೆಯುವಂಥದ್ದು. ಬಾಳೆಲೆಯೂ ಅಷ್ಟೇ. ಬೇರೆ ಊರಿನಲ್ಲಿ ಅವರು ಪೇಪರ್ ತಟ್ಟೆ ಹೊತ್ತುಕೊಂಡು ತಿರುಗಬೇಕಾಗುತ್ತದೆ.

ಲಾಡ್ಜ್ ವಿಚಾರಕ್ಕೆ ಬರುತ್ತೇನೆ. ಕೀಲಿಕೈ ಸಾಲದು, ಕಾರಿಡಾರಿನಲ್ಲಿ ಆಳು ಓಡಾಡಿದರೆ ಹತ್ತುವ ಲೈಟು ಇದೆಯಾ ನೋಡಿ. ಇದ್ದರೆ ಆ ಎರಡು ದಿನ ಅದನ್ನು ತೆಗೆಸಿ ಮಾಮೂಲಿ ಬಲ್ಬ್ ಹಾಕಿಸಿ. ಕೀಲಿಯ ಜೊತೆಗಿನ ಬಿಲ್ಲೆಯನ್ನು ಗೋಡೆಯ ಡಬ್ಬಿಗೆ ಸಿಕ್ಕಿಸಿದರೆ ಮಾತ್ರ ರೂಮಿಗೆ ಕರೆಂಟ್ ಬರುವ ವ್ಯವಸ್ಥೆ ಕೆಲವು ಕಡೆ ಇರುತ್ತದೆ, ಅದೂ ಬೇಡ. ಬಾತ್‌ರೂಮಿನ ದೀಪ ಶುಕ್ರವಾರ ಹಾಕಿದ್ದು ಶನಿವಾರ ರಾತ್ರಿವರೆಗೆ ಉರಿಯುತ್ತಿರಲಿ. ಫ್ರಿಜ್ ಇದ್ದರೆ ಒಳಗಿನ ಬಲ್ಬ್ ಬಿಚ್ಚಿಡಿ. ಗೀಸರ್ ಆಫ್. ರೂಮ್‌ಬಾಯ್ ಪಾಪ ಒಳ್ಳೆಯ ಮನಸ್ಸಿನಿಂದ ಹಗಲು ದೀಪ ಯಾಕೆ ಅಂತ ಆರಿಸಿಬಿಡುತ್ತಾನೆ, ಅವನಿಗೆ ಮೊದಲೇ ಹೇಳಿಡಿ. ಒಮ್ಮೆ ಆರಿದರೆ "ಹಾಕಪ್ಪಾ" ಅಂತ ಅವನಿಗೆ ಹೇಳುವುದಕ್ಕೂ ಅವರಿಗೆ ಆಗುವುದಿಲ್ಲ. ಕತ್ತಲಲ್ಲೇ ಕೂರುತ್ತಾರೆ.

ಶನಿವಾರ ಚೆಕ್‌ಔಟ್, ಬಿಲ್ಲು, ಸಹಿ ಯಾವುದೂ ಇಟ್ಟುಕೊಳ್ಳಬೇಡಿ. ಎಲ್ಲರ ಗುರುತಿನ ಚೀಟಿ, ಅಡ್ವಾನ್ಸ್ ಗುರುವಾರವೇ ಮುಗಿಸಿ. ಇಸ್ರೇಲಿನ ಇಬ್ಬರ ವಿಷಯದಲ್ಲಿ ಲಾಡ್ಜ್‌ನವರು ವಿದೇಶಿ ಅತಿಥಿಗಳ ವಿವರ ಕೊಡುವ ಫಾರ್ಮ್ (ಫಾರ್ಮ್ ಸಿ ಅಂತ ಕರೆಯುತ್ತ ಬಂದದ್ದು) ತುಂಬಬೇಕು, ಬಂದ 24 ಗಂಟೆಯೊಳಗೆ ಆನ್‌ಲೈನ್. ಅದು ಮಾಡಿ ಅಭ್ಯಾಸ ಇರುವ ಲಾಡ್ಜ್ ಆದರೆ ನಿಮಗೂ ನೆಮ್ಮದಿ.

ತಾರೀಖು, ಹೆಸರು ಬರೆಯದೆ ಇದ್ದದ್ದು ಒಳ್ಳೆಯದಾಯಿತು. 2008ರ ನವೆಂಬರಿನಲ್ಲಿ ಕೊಲಾಬಾದ ಯಹೂದಿ ಕೇಂದ್ರ ನರಿಮನ್ ಹೌಸಿನ ಮೇಲೆ ಉಗ್ರರು ನಡೆಸಿದ ದಾಳಿಯನ್ನು ಯಾವ ಯಹೂದಿ ತಾಯಿತಂದೆಯೂ ಮರೆತಿರುವುದಿಲ್ಲ. ಗಾಡಿಯ ಗಾಜಿಗೆ ತಂಡದ ಹೆಸರಿನ ಬ್ಯಾನರ್ ಕಟ್ಟಬೇಡಿ, ಲಾಡ್ಜ್ ಬಾಗಿಲಲ್ಲಿ ಸ್ವಾಗತದ ಬೋರ್ಡ್ ಬೇಡ. ಪೊಲೀಸ್ ಠಾಣೆಗೆ ಹೋಗಿ ಒಂದು ಮಾತು ತಿಳಿಸಿ ಬನ್ನಿ.

ಕೊನೆಗೆ, ಎಲ್ಲ ಯಹೂದಿಗಳೂ ಇಷ್ಟೂ ನೇಮವನ್ನು ಒಂದೇ ಸಮ ಪಾಲಿಸುವುದಿಲ್ಲ. ಮುಖ್ಯಸ್ಥೆಯನ್ನೇ ಕೇಳಿ. ಅವರು ಸಡಿಲ ಬಿಟ್ಟದ್ದನ್ನು ನಾವು ಬಿಗಿ ಮಾಡುವುದು ಬೇಡ.

ಕಾಳಿದಂಡೆ (ಕಾರವಾರ):

ಅಣ್ಣಾ, ಎಷ್ಟು ಬಿಡಿಸಿ ಹೇಳಿದಿರಿ. ಇದನ್ನು ಓದಿ ಮುಖ್ಯಸ್ಥೆಗೆ ಫೋನ್ ಮಾಡಿದೆ. ಗುರುವಾರ ಬರಲು ಒಪ್ಪಿದರು. ನೇಮ ನೀವು ಹೇಳಿದಷ್ಟೂ ಪಾಲಿಸುತ್ತಾರಂತೆ. "ಮಕ್ಕಳು ಮನೆಯಲ್ಲಿ ಹೇಗೋ, ಆದರೆ ತಂಡವಾಗಿ ಹೊರಟಾಗ ಎಲ್ಲರೂ ಒಟ್ಟಿಗೆ ಪಾಲಿಸಬೇಕು, ಅದಕ್ಕೇ ಈ ಪ್ರವಾಸ" ಅಂದರು. ಆ ಮಾತು ನನಗೆ ತುಂಬ ಹಿಡಿಸಿತು. ಮಕ್ಕಳು ಪೇಟೆ ಸುತ್ತುವುದಕ್ಕಿಂತ ಹೆಚ್ಚಾಗಿ ಒಟ್ಟಿಗೆ ಇರುವುದಕ್ಕೆ ಬರುತ್ತಿದ್ದಾರೆ.

ಕಾಜುಬಾಗ ಕಡೆ ಒಂದು ಲಾಡ್ಜ್ ಸಿಕ್ಕಿದೆ. ಹಳೆಯದು, ಮೂರೇ ಮಹಡಿ, ಲಿಫ್ಟೇ ಇಲ್ಲ. ಹಿತ್ತಾಳೆ ಕೀಲಿ. ಬಾರ್ ಇಲ್ಲ. ಎರಡು ಮಹಡಿ ಪೂರ್ತಿ ಕೊಡುತ್ತಾರೆ, ಫಾರ್ಮ್ ಸಿ ಮಾಡುತ್ತಾರೆ. ಆದರೆ ಅಡುಗೆಮನೆಯೂ ಇಲ್ಲ, ಪ್ರಾರ್ಥನೆಗೆ ಹಾಲ್ ಕೂಡ ಇಲ್ಲ. ಬಿಡುವುದೋ ಹಿಡಿಯುವುದೋ ಗೊತ್ತಾಗುತ್ತಿಲ್ಲ. ನಾಳೆ ಸಂಜೆಯವರೆಗೆ ಕಾಯುತ್ತೇನೆ ಅಂದಿದ್ದಾರೆ.

ಕುಮಟೆಯ ಅಡುಗೆಯವ (ಕುಮಟಾ):

ಹಿಡಿಯಿರಿ ತಂಗೀ, ಬಿಡಬೇಡಿ. ಅಡುಗೆಮನೆಗೆ ಬೇರೆ ದಾರಿ ಇದೆ.

ನಾನು ಮದುವೆ ಅಡುಗೆಯವನು. ಕುಮಟಾ, ಹೊನ್ನಾವರ, ಅಂಕೋಲಾ, ಕಾರವಾರದ ಮಂಟಪಗಳಲ್ಲಿ ಕೆಲಸ ಮಾಡಿದ್ದೇನೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ. ಮದುವೆ ಇಲ್ಲ, ಉಪನಯನ ಇಲ್ಲ, ಗೃಹಪ್ರವೇಶ ಇಲ್ಲ. ನಮಗೆ ಕೆಲಸ ಇರುವುದಿಲ್ಲ, ಕಲ್ಯಾಣ ಮಂಟಪಗಳು ಬಾಗಿಲು ಹಾಕಿಕೊಂಡಿರುತ್ತವೆ. ಲಾಡ್ಜ್‌ಗಳು ತುಂಬಿ ತುಳುಕುವ ಅದೇ ದಿನಗಳಲ್ಲಿ ಮಂಟಪ ಖಾಲಿ! ಸಣ್ಣ ಮಂಟಪ ಒಂದನ್ನು ನಾಲ್ಕು ದಿನಕ್ಕೆ ಕೇಳಿ ನೋಡಿ. ಅಡುಗೆಮನೆ, ಊಟದ ಹಾಲ್, ಮೇಲೆ ಒಂದು ಸಣ್ಣ ಹಾಲ್, ನೀರಿನ ಟ್ಯಾಂಕ್, ಜನರೇಟರ್ ಎಲ್ಲ ಇರುತ್ತದೆ. ಬಾಡಿಗೆಯೂ ಮದುವೆ ದಿನದಷ್ಟು ಕೇಳುವುದಿಲ್ಲ, ಮಾತಾಡಿದರೆ ಇಳಿಸುತ್ತಾರೆ.

ಮಲಗುವುದು ಲಾಡ್ಜ್‌ನಲ್ಲೇ ಇರಲಿ. ಮಂಟಪದಲ್ಲಿ ಗಾದಿ ಹಾಸಿ ಮಲಗಿಸಬಹುದು, ಆದರೆ ಹೆಣ್ಣುಮಕ್ಕಳು ಇದ್ದಾರೆ, ಪಾಯಖಾನೆ ಬಾತ್‌ರೂಮ್ ಸಾಲುವುದಿಲ್ಲ, ರಾತ್ರಿ ಕಾವಲಿನವರೂ ಇರುವುದಿಲ್ಲ. ಲಾಡ್ಜ್‌ಗೂ ಮಂಟಪಕ್ಕೂ ಐದು ಹತ್ತು ನಿಮಿಷದ ನಡಿಗೆ ಆಗುವಂತೆ ನೋಡಿ. ನಡುವೆ ಹೈವೇ ದಾಟುವಂತೆ ಇರಬಾರದು. ದೇವಸ್ಥಾನಕ್ಕೆ ಸೇರಿದ ಮಂಟಪ ಬೇಡ, ಇಬ್ಬರಿಗೂ ಮುಜುಗರ. ಸಂಘದ್ದೋ ಖಾಸಗಿಯದ್ದೋ ನೋಡಿ.

ನನ್ನದೊಂದು ಪ್ರಶ್ನೆ ಅಂಕೋಲಾದವರಿಗೆ. ನಾನೂ ನನ್ನ ಹುಡುಗರೂ ಬಂದರೆ ಅವರಿಗೆ ಆಗುತ್ತದಾ? 34 ಜನರ ಅಡುಗೆ ನಮಗೆ ದೊಡ್ಡದಲ್ಲ. ಆದರೆ ಆ ಮಕ್ಕಳ ಜೊತೆ ಬಂದ ನಾಲ್ವರಿಗೆ ಅದು ಹೊರೆ.

ಅಂಕೋಲಾದವ (ಅಂಕೋಲಾ):

ಭಾರೀ ಒಳ್ಳೆಯ ದಾರಿ ಹೇಳಿದಿರಿ. ಧನುರ್ಮಾಸ ನನಗೆ ಹೊಳೆದೇ ಇರಲಿಲ್ಲ.

ನೀವು ಖಂಡಿತ ಬರಬಹುದು. ತರಕಾರಿ ಹೆಚ್ಚಿ, ಕಾಯಿ ತುರಿಯಿರಿ, ಬಡಿಸಿ. ಒಲೆ ಹಚ್ಚುವುದು, ಪಾತ್ರೆಯನ್ನು ಒಲೆಗೇರಿಸುವುದು ಮಾತ್ರ ಅವರ ಕೈಯಿಂದಲೇ ಆಗಲಿ, ಅಡುಗೆ ಮುಗಿಯುವವರೆಗೆ ಅವರಲ್ಲಿ ಒಬ್ಬರು ಒಳಗೆ ಇರಬೇಕು. ನಿಮ್ಮ ಕೊಪ್ಪರಿಗೆ, ಜಾರಿ ಸೌಟು, ತುರಿಮಣೆ ಯಾವುದನ್ನೂ ತರಬೇಡಿ. ಮಂಟಪದ ಪಾತ್ರೆಯೂ ಬೇಡ, ರುಬ್ಬುವ ಕಲ್ಲೂ ಬೇಡ. ಬೇಕಾದಷ್ಟು ಪಾತ್ರೆ, ಈಳಿಗೆಮಣೆ, ಮಿಕ್ಸಿ ಜಾರು ಪೇಟೆಯಲ್ಲೇ ಹೊಸದು ತೆಗೆದುಕೊಳ್ಳಲಿ. ಖರ್ಚು ತಂಡದ್ದು, ಮುಂದಿನ ಪ್ರವಾಸಕ್ಕೆ ಅವರ ಜೊತೆಗೇ ಹೋಗುತ್ತದೆ. ಗ್ಯಾಸ್ ಒಲೆಯನ್ನು ತಿಕ್ಕಿ ತೊಳೆದು, ಮೇಲಿನ ಕಬ್ಬಿಣದ ಕಟ್ಟನ್ನು ಅವರೇ ಬೆಂಕಿಯಲ್ಲಿ ಕಾಯಿಸಿ ಶುದ್ಧ ಮಾಡಿಕೊಳ್ಳುತ್ತಾರೆ.

ಹೊಸ ಲೋಹದ ಪಾತ್ರೆ, ಗಾಜಿನ ಲೋಟ ಕೊಂಡರೆ ಬಳಸುವ ಮುಂಚೆ ಅದನ್ನು ನೀರಿನಲ್ಲಿ ಮುಳುಗಿಸುವ ವಿಧಿ ಇದೆ. ಸಮುದ್ರ, ಹೊಳೆ ಹತ್ತಿರ ಇಲ್ಲದ ಊರಲ್ಲಾದರೆ ಅದಕ್ಕೆಂದೇ ಕಟ್ಟಿದ ಕೊಳ ಬೇಕು. ಕಾರವಾರದಲ್ಲಿ ಸಮುದ್ರವೇ ಇದೆ, ಸಮುದ್ರ ಅದಕ್ಕೆ ಪೂರ್ತಿ ಸಲ್ಲುತ್ತದೆ. ಶುಕ್ರವಾರ ಬೆಳಿಗ್ಗೆ ಟಾಗೋರ್ ಬೀಚಿಗೆ ಪಾತ್ರೆ ಹೊತ್ತು ಹೋಗಲಿ, ಮಕ್ಕಳಿಗೂ ಖುಷಿ. ಅಂಗಡಿಯ ಸ್ಟಿಕ್ಕರ್ ಎಲ್ಲ ಹಿಂದಿನ ರಾತ್ರಿಯೇ ಕಿತ್ತು ಅಂಟು ತೊಳೆದಿಡಿ. ನೀರು ಪಾತ್ರೆಯನ್ನು ಪೂರ್ತಿ ಮುಟ್ಟಬೇಕು, ಅಂಟು ಉಳಿದರೆ ಆಗುವುದಿಲ್ಲ.

ಶನಿವಾರದ ಬಿಸಿ ಊಟಕ್ಕೆ ಅವರು ಶುಕ್ರವಾರವೇ ಒಲೆಯ ಮೇಲೆ ತಗಡು ಮುಚ್ಚಿ, ಸಣ್ಣ ಉರಿಯಲ್ಲಿ ಪಾತ್ರೆ ಇಟ್ಟು ಹಾಗೇ ಬಿಡುತ್ತಾರೆ. ಇಡೀ ರಾತ್ರಿ ಗ್ಯಾಸ್ ಉರಿಯುತ್ತದೆ. ಗಾಳಿ ಆಡುವ ಅಡುಗೆಮನೆ ಬೇಕು, ಸಿಲಿಂಡರ್ ಹೊರಗಿರಬೇಕು, ಕುಮಟೆಯವರೇ ನಿಮ್ಮ ಹುಡುಗ ಒಬ್ಬ ಅಲ್ಲಿಯೇ ಮಲಗಲಿ. ಕರೆಂಟಿನ ಹಾಟ್‌ಪ್ಲೇಟ್ ನಂಬಬೇಡಿ. ಕರೆಂಟ್ ಹೋದರೆ ಜನರೇಟರ್ ಹಾಕಿ ಅಂತ ಅವರು ಹೇಳುವಂತಿಲ್ಲ.

ಮೇಣದಬತ್ತಿ ಬಗ್ಗೆ ಲಾಡ್ಜ್‌ನವರು ಹೆದರುತ್ತಾರೆ, ಹೆದರುವುದು ನ್ಯಾಯವೇ. ರೂಮಿನಲ್ಲಿ ಬೇಡ, ಮಂಟಪದ ಊಟದ ಹಾಲಿನಲ್ಲಿ ದೊಡ್ಡ ಸ್ಟೀಲ್ ಹರಿವಾಣದಲ್ಲಿ ಮರಳು ಹಾಕಿ ಅದರಲ್ಲಿ ನಿಲ್ಲಿಸಲಿ. ಹಚ್ಚಿದ ಮೇಲೆ ಆರಿಸುವಂತಿಲ್ಲ, ಜರುಗಿಸುವಂತಿಲ್ಲ, ತಾನಾಗಿ ಆರಬೇಕು. ಆ ಜಾಗದ ಮೇಲಿನ ಫ್ಯಾನ್ ಮೊದಲೇ ಆರಿಸಿಡಿ. ಪರದೆ ಇದ್ದರೆ ಕಟ್ಟಿಡಿ.

ಪ್ರಾರ್ಥನೆಗೆ ಮೇಲಿನ ಸಣ್ಣ ಹಾಲ್ ಕೊಡಿ. ದೇವರ ಫೋಟೋ ಇರುವ ಹಾಲ್ ಆದರೆ ಅದನ್ನು ತೆಗೆಸುವುದು ಬೇಡ, ಫೋಟೋ ಇಲ್ಲದ ಬೇರೆ ಕೋಣೆ ನೋಡಿ. ಅವರು ಜೆರುಸಲೇಮ್ ಕಡೆ ಮುಖ ಮಾಡಿ ನಿಲ್ಲುತ್ತಾರೆ, ಇಲ್ಲಿಂದ ಅದು ಪಡುವಣ, ಸ್ವಲ್ಪ ಬಡಗಣಕ್ಕೆ. ಇನ್ನೊಂದು ಮುಖ್ಯ ಮಾತು: ಶನಿವಾರ ಬೀದಿಯಲ್ಲಿ ಏನನ್ನೂ ಹೊತ್ತು ನಡೆಯುವಂತಿಲ್ಲ, ಪುಸ್ತಕ, ನೀರಿನ ಬಾಟಲಿ ಕೂಡ. ಪ್ರಾರ್ಥನೆ ಪುಸ್ತಕ, ಶಾಲು, ಕುಡಿಯುವ ನೀರು, ದಿನದ ಔಷಧಿ ಎಲ್ಲ ಶುಕ್ರವಾರ ಮಧ್ಯಾಹ್ನವೇ ಮಂಟಪ ಸೇರಿರಲಿ. ರೂಮಿನ ಕೀಲಿ ಲಾಡ್ಜ್‌ನ ಕೌಂಟರಿನಲ್ಲೇ ಬಿಟ್ಟು ಹೋಗಲಿ.

ಜೀವಕ್ಕೆ ಅಪಾಯ ಅಂದಾಗ ಈ ಯಾವ ನೇಮವೂ ಇಲ್ಲ, ಅದು ಅವರ ಧರ್ಮದ್ದೇ ಕಟ್ಟಪ್ಪಣೆ. ಫೋನ್ ಮಾಡುತ್ತಾರೆ, ಗಾಡಿ ಹತ್ತುತ್ತಾರೆ. ಆದರೂ ಆ ದಿನ ಅವರ ಫೋನ್ ಬಂದ್ ಇರುತ್ತದೆ, ಮುಂಬೈಯ ತಾಯಿತಂದೆ ಗಾಬರಿಯಾದರೆ ಕೇಳಲು ನಿಮ್ಮ ನಂಬರ್ ಕೊಟ್ಟಿರಿ. ನಿಮ್ಮ ತಮ್ಮ ಗಾಡಿ ಸಮೇತ ಊರಲ್ಲೇ ಇರಲಿ. ಕ್ರಿಮ್ಸ್ ಆಸ್ಪತ್ರೆ ಹತ್ತಿರವೇ ಇದೆ, 108 ಇದೆ.

ಘಟ್ಟದಮೇಲೆ (ಶಿರಸಿ):

ಓದುತ್ತಾ ಕೂತವಳಿಗೆ ಒಂದು ಪ್ರಶ್ನೆ ಬಂತು. ಹಾಲಿನ ಬಗ್ಗೆ ಅಷ್ಟು ನೇಮ ಇದ್ದರೆ ಸಿಹಿ ಏನು ಮಾಡುತ್ತಾರೆ? ದ್ರಾಕ್ಷಾರಸ ಬೇಕು ಅಂತ ಎಲ್ಲೋ ಓದಿದ ನೆನಪು, ಅದು ಇಲ್ಲಿ ಸಿಗುತ್ತದಾ?

ಅಂಕೋಲಾದವ (ಅಂಕೋಲಾ):

ಅಕ್ಕಾ, ಅಲ್ಲಿಯೇ ನೋಡಿ ಅವರು ನಮ್ಮ ಕರಾವಳಿಯವರು ಅನ್ನಿಸುವುದು. ಬೆನೆ ಇಸ್ರೇಲಿಗಳು ಹಾಲಿನ ಬದಲು ಕಾಯಿಹಾಲು ಬಳಸುತ್ತಾರೆ. ಸಾರಿಗೂ ಅದೇ, ಸಿಹಿಗೂ ಅದೇ. ಗೋಧಿಯ ಹಲ್ವಾ ಕೂಡ ಕಾಯಿಹಾಲಿನಲ್ಲಿ ಮಾಡುತ್ತಾರೆ. ಮಲೀದಾ ಅಂತ ಒಂದಿದೆ. ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ ಕಲಸಿ, ಸುತ್ತ ಹಣ್ಣು ಜೋಡಿಸಿ, ಪ್ರವಾದಿ ಎಲಿಯಾನ ಹೆಸರಿನಲ್ಲಿ ಪ್ರಾರ್ಥಿಸಿ ಹಂಚುತ್ತಾರೆ. ಅವಲಕ್ಕಿ, ಕಾಯಿ, ಬಾಳೆಹಣ್ಣಿಗೆ ನಮ್ಮಲ್ಲಿ ಬರವಾ? ದ್ರಾಕ್ಷಾರಸಕ್ಕೆ ಅವರ ಹಳೆಯ ದಾರಿ ಇದೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿ ಹಿಂಡಿ ಸೋಸುತ್ತಾರೆ. ಶುಕ್ರವಾರ ರಾತ್ರಿ ಅದರ ಮೇಲೆಯೇ ಪ್ರಾರ್ಥನೆ. ಹಿಂಡುವುದು ಅವರ ಕೈಯಿಂದಲೇ ಆಗಬೇಕು, ನಾವು ಒಣದ್ರಾಕ್ಷಿ ತಂದುಕೊಟ್ಟರೆ ಸಾಕು.

ಕಾಳಿದಂಡೆ (ಕಾರವಾರ):

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಲಾಡ್ಜ್ ಬುಕ್ ಆಯಿತು, ಗುರುವಾರದಿಂದ ಸೋಮವಾರದವರೆಗೆ. ಅಲ್ಲಿಂದ ನಡೆದು ಏಳೆಂಟು ನಿಮಿಷಕ್ಕೆ ಒಂದು ಸಣ್ಣ ಮಂಟಪ ಇದೆ. ಇವತ್ತು ಹೋಗಿ ನೋಡಿದೆ. ಅಡುಗೆಮನೆ ಹಿಂದೆ ಬೇರೆಯಾಗಿ ಇದೆ, ಎರಡು ಕಡೆ ಕಿಟಕಿ, ಸಿಲಿಂಡರ್ ಇಡಲು ಹೊರಗೆ ಜಾಲರಿ ಗೂಡು. ಮೇಲಿನ ಕೋಣೆಯ ಗೋಡೆ ಖಾಲಿ. ಮಾಲೀಕರಿಗೆ ವಿಷಯ ಪೂರ್ತಿ ಬಿಡಿಸಿ ಹೇಳಿದೆ. "ಧನುರ್ಮಾಸದಲ್ಲಿ ಸುಮ್ನೆ ಬೀಗ ಹಾಕಿ ಇಡುವ ಬದಲು ಮಕ್ಕಳು ಬಂದು ಉಂಡು ಹೋಗಲಿ" ಅಂದರು. ನೀರಿನ ಟ್ಯಾಂಕ್ ತೊಳೆಸಿ ಕೊಡುತ್ತಾರೆ.

ಶನಿವಾರ ಸಂಜೆ ಬೀಚಿಗೆ ನಡೆದು ಹೋಗುವ ಆಸೆ ಮಕ್ಕಳದು. ಹೈವೇ ದಾಟುವ ಕಡೆ ನಾನೂ ತಮ್ಮನೂ ನಿಲ್ಲುತ್ತೇವೆ. ಯುದ್ಧನೌಕೆ ಮ್ಯೂಸಿಯಂಗೆ ಟಿಕೆಟ್ ಬೇಕಾದ್ದರಿಂದ ಅದನ್ನು ಭಾನುವಾರಕ್ಕೆ ಹಾಕಿದ್ದೇನೆ, ಆಮೇಲೆ ಕಾಳಿಯಲ್ಲಿ ದೋಣಿ. ಸಮಯ ಉಳಿದರೆ ಮಿರ್ಜಾನ್ ಕೋಟೆ. ಗೋಕರ್ಣ ಅಷ್ಟರಲ್ಲಿ ಆಗುವುದಿಲ್ಲ ಅನ್ನಿಸುತ್ತದೆ.

ಘಟ್ಟದಮೇಲೆ ಅಕ್ಕಾ, ಹಾಳೆ ತಟ್ಟೆ 400, ದೊನ್ನೆ 400 ಬೇಕು. ಬುಧವಾರದೊಳಗೆ ಕಾರವಾರ ಬಸ್ಸಿಗೆ ಹಾಕಿಸಿ, ದುಡ್ಡು ಇವತ್ತೇ ಕಳಿಸುತ್ತೇನೆ. ಕುಮಟೆಯವರೇ, ನೀವೂ ಇಬ್ಬರು ಹುಡುಗರೂ ಗುರುವಾರ ಮಧ್ಯಾಹ್ನಕ್ಕೆ ಬನ್ನಿ. ಪಾತ್ರೆ ಅಂಗಡಿಗೆ ನಿಮ್ಮನ್ನೇ ಕರೆದುಕೊಂಡು ಹೋಗುತ್ತೇನೆ, 34 ಜನರ ಅನ್ನಕ್ಕೆ ಎಷ್ಟು ದೊಡ್ಡ ಪಾತ್ರೆ ಅಂತ ನನಗೆ ಅಂದಾಜಿಲ್ಲ.

ಕುಮಟೆಯ ಅಡುಗೆಯವ (ಕುಮಟಾ):

ಬರುತ್ತೇನೆ. ಅನ್ನಕ್ಕೆ ಎರಡು ಪಾತ್ರೆ ಬೇಕು, ಒಂದೇ ದೊಡ್ಡದು ಬೇಡ. ಶನಿವಾರಕ್ಕೆ ತಗಡಿನ ಮೇಲೆ ಇಡುವುದು ಅಡಿ ದಪ್ಪ ಇರಬೇಕು, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಸೀದು ಹೋಗುತ್ತದೆ. ಮುಚ್ಚಳ ಸರಿಯಾಗಿ ಕೂರುತ್ತದಾ ಅಂತ ಅಂಗಡಿಯಲ್ಲೇ ನೋಡೋಣ. ಸಿಲಿಂಡರ್ ಎರಡು ಹೇಳಿಡಿ, ರಾತ್ರಿ ಉರಿಯುವುದಕ್ಕೆ ತುಂಬಿದ್ದನ್ನೇ ಹಚ್ಚಿಸೋಣ.